ಐದು ಗ್ರಾಂ ಸಕ್ಕರೆ, ನೂರು ಕಿಲೋಮೀಟರ್ ದಾರಿ

ನನ್ನ ಸೈಕಲ್ ಜೆರ್ಸಿಯ ಬೆನ್ನಿಗೆ ಮೂರು ಕಿಸೆ ಇವೆ. ಎಡಗಡೆಯದರಲ್ಲಿ ಗ್ಲೂಕೋಸ್ ಪುಡಿ ಮತ್ತು ಒಣದ್ರಾಕ್ಷಿ. ನಡುವಿನದರಲ್ಲಿ ಗ್ಲುಕೋಮೀಟರ್, ಸ್ಟ್ರಿಪ್ ಡಬ್ಬಿ, ಇನ್ಸುಲಿನ್ ಪೆನ್ನು. ಬಲಗಡೆ ಕರದಂಟು, ಜೊತೆಗೆ ಪ್ಲಾಸ್ಟಿಕ್ ಚೀಲದಲ್ಲಿ ಮಡಚಿಟ್ಟ ಒಂದು ಚೀಟಿ. ಅದರಲ್ಲಿ ದೊಡ್ಡ ಅಕ್ಷರದಲ್ಲಿ ಹೀಗೆ ಬರೆದಿದ್ದೇನೆ: ‘ನನಗೆ ಟೈಪ್ 1 ಶುಗರ್ ಇದೆ. ನಾನು ತೊದಲುತ್ತಿದ್ದರೆ ಎಡ ಕಿಸೆಯ ಪುಡಿಯನ್ನು ನೀರಲ್ಲಿ ಕಲಸಿ ಕುಡಿಸಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ, 108ಕ್ಕೆ ಫೋನ್ ಮಾಡಿ.’

ನಾನು ವಿಜಯಪುರದವಳು. ಶಾಲೆಯಲ್ಲಿ ಗಣಿತ ಹೇಳುತ್ತೇನೆ. ಹತ್ತೊಂಬತ್ತನೇ ವಯಸ್ಸಿಗೆ ಈ ಕಾಯಿಲೆ ಬಂತು. ಅಂದಿನಿಂದ ದಿನಕ್ಕೆ ನಾಲ್ಕು ಸಲ ಇನ್ಸುಲಿನ್. ಆಗ ನನ್ನನ್ನು ನೋಡಿದ ಡಾಕ್ಟರೊಬ್ಬರು ಸೈಕಲ್ ಬಿಟ್ಟುಬಿಡು ಅಂದಿದ್ದರು. ನಮ್ಮ ಕಡೆ ಇದು ಸಣ್ಣ ಮಾತಲ್ಲ. ಬೆಳಗಿನ ಜಾವ ಊರ ಹೊರಗಿನ ಹೆದ್ದಾರಿಗೆ ಹೋಗಿ ನೋಡಿ, ಹುಡುಗ ಹುಡುಗಿಯರು ಸಾಲಾಗಿ ತಲೆ ಬಗ್ಗಿಸಿ ಪೆಡಲ್ ತುಳಿಯುತ್ತಿರುತ್ತಾರೆ. ವಿಜಯಪುರ, ಬಾಗಲಕೋಟೆ ಅಂದರೆ ಸೈಕಲ್ ಸೀಮೆ. ಜಾತ್ರೆ ಬಂತೆಂದರೆ ಹಳ್ಳಿಗಳಲ್ಲಿ ಎತ್ತಿನ ಗಾಡಿ ಶರ್ಯತ್ತಿನ ಜೊತೆಗೆ ಸೈಕಲ್ ಶರ್ಯತ್ತೂ ನಡೆಯುತ್ತದೆ. ಅಂಥ ಊರಲ್ಲಿ ಸೈಕಲ್ ಬಿಟ್ಟು ಮನೆಯಲ್ಲಿ ಕೂತ ಆ ಎರಡು ವರ್ಷ ನನಗೆ ಈಗಲೂ ನೆನಪಿಗೆ ತಂದುಕೊಳ್ಳಲು ಇಷ್ಟವಿಲ್ಲ.

ಈಗ ನೂರು, ನೂರೈವತ್ತು ಕಿಲೋಮೀಟರ್ ಹೋಗುತ್ತೇನೆ. ನೋಡಿದವರು ಕೇಳುವುದು ಒಂದೇ: ‘ಶುಗರ್ ಇಟ್ಕೊಂಡು ಇಷ್ಟು ದೂರ ಹೆಂಗ ಹೊಡೀತೀ?’ ಎಲ್ಲರೂ ಇದನ್ನು ಧೈರ್ಯದ ಮಾತು ಅಂದುಕೊಳ್ಳುತ್ತಾರೆ. ಧೈರ್ಯ ಬೇಕು, ಆದರೆ ಅದು ಸ್ವಲ್ಪವೇ. ಉಳಿದದ್ದೆಲ್ಲ ಲೆಕ್ಕ. ಆ ಲೆಕ್ಕ ಏನು ಅಂತ ಬಿಡಿಸಿ ಹೇಳುತ್ತೇನೆ.

ಒಬ್ಬ ವಯಸ್ಕ ಮನುಷ್ಯನ ಮೈಯಲ್ಲಿ ಸುಮಾರು 5 ಲೀಟರ್ ರಕ್ತ ಇರುತ್ತದೆ. ಶುಗರ್ 100 ಅಂತ ಮೀಟರ್ ತೋರಿಸಿದರೆ, 1 ಡೆಸಿಲೀಟರ್ ರಕ್ತದಲ್ಲಿ 100 ಮಿಲಿಗ್ರಾಂ ಗ್ಲೂಕೋಸ್ ಇದೆ ಅಂತ ಅರ್ಥ. 5 ಲೀಟರ್ ಅಂದರೆ 50 ಡೆಸಿಲೀಟರ್. ಗುಣಿಸಿ ನೋಡಿ, ಒಟ್ಟು 5 ಗ್ರಾಂ. ಒಂದು ಟೀ ಚಮಚ ಸಕ್ಕರೆ, ಅಷ್ಟೇ. ಇಡೀ ಮೈಯ ರಕ್ತದಲ್ಲಿ ಯಾವುದೇ ಕ್ಷಣದಲ್ಲಿ ಇರುವುದು ಅಷ್ಟೇ. ಜೋರಾಗಿ ಸೈಕಲ್ ತುಳಿಯುವಾಗ ಮೈ ನಿಮಿಷಕ್ಕೆ 1 ಗ್ರಾಂ, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ ಸಕ್ಕರೆ ಸುಡಬಲ್ಲದು. ಈ ಲೆಕ್ಕ ಮೊದಲ ಸಲ ಮಾಡಿದ ದಿನ ನಾನು ತುಂಬಾ ಹೊತ್ತು ಸುಮ್ನೆ ಕೂತುಬಿಟ್ಟಿದ್ದೆ.

ಹಾಗಾದರೆ ಐದು ನಿಮಿಷಕ್ಕೆ ಎಲ್ಲರೂ ಬಿದ್ದುಬಿಡಬೇಕಿತ್ತಲ್ವಾ? ಬೀಳುವುದಿಲ್ಲ. ಮೈಯಲ್ಲಿ ದಾಸ್ತಾನು ಇದೆ. ನಮ್ಮ ಹಿರಿಯರು ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ಇಡುತ್ತಿದ್ದರು. ಹಾಗೆ ನಮ್ಮ ಸ್ನಾಯುಗಳಲ್ಲಿ 400ರಿಂದ 500 ಗ್ರಾಂ, ಯಕೃತ್ತಿನಲ್ಲಿ ಸುಮಾರು 100 ಗ್ರಾಂ ಸಕ್ಕರೆ ಗ್ಲೈಕೋಜನ್ ರೂಪದಲ್ಲಿ ಕೂತಿರುತ್ತದೆ. ಆದರೆ ಸ್ನಾಯು ತನ್ನ ಹಗೇವಿನ ಜೋಳವನ್ನು ತಾನೇ ಉಣ್ಣುತ್ತದೆ. ರಕ್ತಕ್ಕೆ ವಾಪಸ್ ಕೊಡಲು ಅದಕ್ಕೆ ಬರುವುದಿಲ್ಲ. ರಕ್ತಕ್ಕೆ ಸುರಿದು ಮಿದುಳನ್ನು ಸಾಕುವುದು ಯಕೃತ್ತು. ಅದರ ಹತ್ತಿರ ಇರುವುದು 100 ಗ್ರಾಂ ಮಾತ್ರ. ದೂರ ಹೋಗುವವರು ದಾರಿಯಲ್ಲಿ ತಿನ್ನುತ್ತಲೇ ಇರಬೇಕು ಅನ್ನುವುದು ಇದಕ್ಕೇ.

ಇನ್ನು ಇನ್ಸುಲಿನ್. ಸ್ನಾಯುವಿಗೆ ಸಕ್ಕರೆ ಒಳಗೆ ಬಿಟ್ಟುಕೊಳ್ಳುವ ಬಾಗಿಲು ಎರಡು ಇವೆ ಅಂದುಕೊಳ್ಳಿ. ಒಂದನ್ನು ಇನ್ಸುಲಿನ್ ತೆಗೆಯುತ್ತದೆ. ಇನ್ನೊಂದನ್ನು ಕೆಲಸ ತೆಗೆಯುತ್ತದೆ. ಸ್ನಾಯು ಹಿಗ್ಗಿ ಕುಗ್ಗಿ ದುಡಿಯುತ್ತಿದ್ದರೆ ಇನ್ಸುಲಿನ್ ಕಡಿಮೆ ಇದ್ದರೂ ಸಕ್ಕರೆ ಒಳಗೆ ಹೋಗುತ್ತದೆ. ಕಾಯಿಲೆ ಇಲ್ಲದವರು ಸೈಕಲ್ ಹತ್ತಿದರೆ ಅವರ ಮೇದೋಜ್ಜೀರಕ ಗ್ರಂಥಿ ಅದನ್ನು ಗಮನಿಸಿ ಇನ್ಸುಲಿನ್ ಇಳಿಸುತ್ತದೆ. ಇನ್ಸುಲಿನ್ ಇಳಿದರೆ ಯಕೃತ್ತು ತನ್ನ ಡಬ್ಬಿ ತೆಗೆದು ಸಕ್ಕರೆ ಸುರಿಯುತ್ತದೆ. ಒಂದು ಕೈ ತೆಗೆದುಕೊಂಡರೆ ಇನ್ನೊಂದು ಕೈ ಕೊಡುತ್ತದೆ. ಅವರಿಗೆ ಇದು ನಡೆಯುತ್ತಿರುವುದೇ ಗೊತ್ತಾಗುವುದಿಲ್ಲ.

ಟೈಪ್ 1ರಲ್ಲಿ ಇನ್ಸುಲಿನ್ ಮಾಡುವ ಬೀಟಾ ಕೋಶಗಳನ್ನು ಮೈಯ ಸ್ವಂತ ರೋಗನಿರೋಧಕ ಶಕ್ತಿಯೇ ಕೊಂದುಹಾಕಿರುತ್ತದೆ. ಸಿಹಿ ತಿಂದು ಬಂದ ಕಾಯಿಲೆ ಅಲ್ಲ ಇದು. ನಮ್ಮ ಇನ್ಸುಲಿನ್ ಸೂಜಿಯಿಂದ ಬರುತ್ತದೆ. ಚುಚ್ಚಿದ್ದನ್ನು ವಾಪಸ್ ತೆಗೆಯಲು ಆಗುವುದಿಲ್ಲ. ಊಟಕ್ಕೆ ತೆಗೆದುಕೊಳ್ಳುವ ವೇಗದ ಇನ್ಸುಲಿನ್ ಒಂದು ಎರಡು ಗಂಟೆಯಲ್ಲಿ ಜೋರಾಗಿ, ಮೂರರಿಂದ ಐದು ಗಂಟೆಯವರೆಗೆ ಕೆಲಸ ಮಾಡುತ್ತಲೇ ಇರುತ್ತದೆ. ನಾವು ಸೈಕಲ್ ಹತ್ತಿದ್ದು ಅದಕ್ಕೆ ಗೊತ್ತಿಲ್ಲ. ಹಾಗಾಗಿ ಎರಡೂ ಬಾಗಿಲು ಹಾರು ಹೊಡೆದು, ಯಕೃತ್ತಿನ ಡಬ್ಬಿ ಮುಚ್ಚಿಕೊಂಡು, ಆ 5 ಗ್ರಾಂ ಕರಗುತ್ತಾ ಹೋಗುತ್ತದೆ.

ಇದನ್ನು ಪುಸ್ತಕದಲ್ಲಿ ಓದಿ ತಿಳಿದಿದ್ದೆ. ಮೈಗೆ ತಿಳಿದದ್ದು ಕೊಲ್ಹಾರದಲ್ಲಿ.

ಫೆಬ್ರವರಿಯ ಒಂದು ಭಾನುವಾರ ಒಬ್ಬಳೇ ಬಾಗಲಕೋಟೆಗೆ ಹೊರಟಿದ್ದೆ. ಆರು ಗಂಟೆಗೆ ಎರಡು ರೊಟ್ಟಿ, ಪಲ್ಯ ತಿಂದು ಎಂದಿನಂತೆ ಪೂರ್ತಿ ಇನ್ಸುಲಿನ್ ತೆಗೆದುಕೊಂಡೆ. ತೊಡೆಗೆ ಚುಚ್ಚಿಕೊಂಡಿದ್ದೆ, ಅದೂ ತಪ್ಪೇ. ದುಡಿಯುವ ಕಾಲಿಗೆ ಚುಚ್ಚಿದರೆ ಇನ್ಸುಲಿನ್ ಬೇಗ ಏರುತ್ತದೆ, ಹೊಟ್ಟೆಗೆ ಚುಚ್ಚಬೇಕಿತ್ತು. ಮುಳವಾಡ ದಾಟುವವರೆಗೆ ಚೆನ್ನಾಗಿತ್ತು. ಕೊಲ್ಹಾರದ ಹತ್ತಿರ, ಕೃಷ್ಣೆಯ ಉದ್ದನೆ ಸೇತುವೆ ಇನ್ನೇನು ಬಂತು ಅನ್ನುವಾಗ ಕಿಲೋಮೀಟರ್ ಕಲ್ಲು ಕಂಡಿತು. ಇನ್ನೆಷ್ಟು ಉಳಿಯಿತು ಅಂತ ಮನಸ್ಸಲ್ಲೇ ಕಳೆಯಲು ಹೋದೆ. ಬರಲಿಲ್ಲ. ಮತ್ತೆ ಕಳೆದೆ. ಅಂಕಿಗಳು ಕೈಗೆ ಸಿಗದೆ ಜಾರುತ್ತಿದ್ದವು. ಆಮೇಲೆ ನೋಡಿದರೆ ಹ್ಯಾಂಡಲ್ ಹಿಡಿದ ಕೈ ನಡುಗುತ್ತಿತ್ತು. ಬೆಳಗಿನ ಥಂಡಿಯಲ್ಲೂ ಕುತ್ತಿಗೆಯಿಂದ ಬೆವರು ಇಳಿಯುತ್ತಿತ್ತು.

ಕೊಲ್ಹಾರದ ಮೊಸರು ನಮ್ಮ ಕಡೆ ಹೆಸರುವಾಸಿ. ಸಣ್ಣ ಮಣ್ಣಿನ ಗಡಿಗೆಯಲ್ಲಿ ಕೊಡುತ್ತಾರೆ. ರಸ್ತೆ ಪಕ್ಕ ಮೊಸರು ಇಟ್ಟುಕೊಂಡು ಕೂತಿದ್ದ ಒಬ್ಬ ಹೆಂಗಸು ನನ್ನನ್ನು ನೋಡಿ ಎದ್ದೇ ಬಿಟ್ಟಳು. ‘ಯಾಕ ತಂಗಿ, ಮಾರಿ ಬೆಳ್ಳಗಾಗೇತಿ. ಕುಂದ್ರ ಮೊದ್ಲ.’ ಗಡಿಗೆ ಮುಂದೆ ಹಿಡಿದಳು. ಅದು ಬೇಡ, ‘ಅಕ್ಕಾರ, ಸಕ್ರಿ ಐತೇನು?’ ಅಂದೆ. ಕಿಸೆಯಲ್ಲಿ ಗ್ಲೂಕೋಸ್ ಪುಡಿ ಇತ್ತು. ಅದು ನೆನಪಿಗೇ ಬರಲಿಲ್ಲ. ಶುಗರ್ ಇಳಿದಾಗ ಮೊದಲು ಮಂಕಾಗುವುದು ಯೋಚನೆ ಮಾಡುವ ಮಿದುಳೇ. ಅವಳು ಮೊಸರಿಗೆ ಹಾಕಲು ಇಟ್ಟಿದ್ದ ಡಬ್ಬಿಯಿಂದ ಸಕ್ಕರೆಯನ್ನು ನನ್ನ ಅಂಗೈಗೆ ಸುರಿದಳು. ತಿಂದು ಮೀಟರ್ ತೆಗೆದು ನೋಡಿದೆ. 51 ಇತ್ತು.

70ಕ್ಕಿಂತ ಕಡಿಮೆಯಾದರೆ ಅದು ಹೈಪೊ. ಆಗ ಮಾಡಬೇಕಾದದ್ದು ಎಲ್ಲರಿಗೂ ಒಂದೇ: ಬೇಗ ಕರಗುವ 15 ಗ್ರಾಂ ಸಕ್ಕರೆ ತಿನ್ನಬೇಕು, 15 ನಿಮಿಷ ಕಾಯಬೇಕು, ಮತ್ತೆ ನೋಡಬೇಕು. ಇನ್ನೂ ಕಡಿಮೆ ಇದ್ದರೆ ಮತ್ತೆ 15 ಗ್ರಾಂ. ಗ್ಲೂಕೋಸ್ ಪುಡಿಯಾದರೆ ಮೂರು ಟೀ ಚಮಚ. ಆ 15 ನಿಮಿಷ ಕಾಯುವುದು ಬಹಳ ಕಷ್ಟ. ಡಬ್ಬಿ ಪೂರ್ತಿ ಬಾಯಿಗೆ ಸುರಿದುಕೊಳ್ಳಬೇಕು ಅನ್ನಿಸುತ್ತದೆ. ಮೊಸರಿನ ಅಕ್ಕ ಅಷ್ಟೂ ಹೊತ್ತು ನನ್ನ ಬೆನ್ನ ಮೇಲೆ ಕೈ ಇಟ್ಟುಕೊಂಡೇ ಕೂತಿದ್ದಳು.

ಆ ದಿನದ ಮೇಲೆ ಬಲಗಡೆ ಕಿಸೆಗೆ ಚೀಟಿ ಬಂತು. ಲೆಕ್ಕವೂ ಬದಲಾಯಿತು. ಟೈಪ್ 1 ಇದ್ದವರ ವ್ಯಾಯಾಮದ ಬಗ್ಗೆ ಬೇರೆ ಬೇರೆ ದೇಶದ ತಜ್ಞರು ಸೇರಿ 2017ರಲ್ಲಿ ಒಂದು ಮಾರ್ಗಸೂಚಿ ಕೊಟ್ಟರು. ಈಗ ನನ್ನನ್ನು ನೋಡುವ ಡಾಕ್ಟರ್ ಅದನ್ನು ಎದುರಿಗಿಟ್ಟುಕೊಂಡೇ ನನ್ನ ಲೆಕ್ಕ ಹಾಕಿಕೊಟ್ಟಿದ್ದಾರೆ. ದೀರ್ಘ ವ್ಯಾಯಾಮ ಶುರು ಮಾಡುವಾಗ ಶುಗರ್ 126ರಿಂದ 180ರ ನಡುವೆ ಇದ್ದರೆ ಒಳ್ಳೆಯದು. 90ಕ್ಕಿಂತ ಕಡಿಮೆ ಇದ್ದರೆ ಮೊದಲು 10ರಿಂದ 20 ಗ್ರಾಂ ಗ್ಲೂಕೋಸ್ ತಿಂದು, ಏರಿದ ಮೇಲೆ ಹೊರಡಬೇಕು. ಊಟವಾದ ಒಂದೂವರೆ ಗಂಟೆಯೊಳಗೆ ವ್ಯಾಯಾಮ ಇದ್ದರೆ ಊಟದ ಇನ್ಸುಲಿನ್ ಕಾಲು ಭಾಗದಿಂದ ಮುಕ್ಕಾಲು ಭಾಗದವರೆಗೆ ಇಳಿಸಬೇಕಾಗಬಹುದು. ಎಷ್ಟು ಅನ್ನುವುದು ದೂರ, ವೇಗ, ಮೈಗೆ ತಕ್ಕಂತೆ ಬೇರೆ. ನನ್ನ ಅಂಕಿ ನಿಮಗೆ ಹೊಂದುವುದಿಲ್ಲ. ನಿಮ್ಮ ಡಾಕ್ಟರ ಜೊತೆ ಕೂತೇ ಇದನ್ನು ಮಾಡಬೇಕು, ದಯವಿಟ್ಟು.

ಇನ್ನೊಂದು ತುದಿಯೂ ಇದೆ. ಹೈಪೊ ಹೆದರಿಕೆಗೆ ಇನ್ಸುಲಿನ್ ಪೂರ್ತಿ ಬಿಟ್ಟು ಹೊರಟರೆ ಅದಕ್ಕಿಂತ ಅಪಾಯ. ಇನ್ಸುಲಿನ್ ಇಲ್ಲದಿದ್ದರೆ ಯಕೃತ್ತು ತಡೆಯಿಲ್ಲದೆ ಸಕ್ಕರೆ ಸುರಿಯುತ್ತದೆ, ಕೊಬ್ಬು ಕರಗಿ ಕೀಟೋನ್ ಆಗುತ್ತದೆ, ರಕ್ತ ಹುಳಿಯಾಗುತ್ತದೆ. ಶುಗರ್ 270 ದಾಟಿದ್ದರೆ ಕೀಟೋನ್ ನೋಡದೆ ಸೈಕಲ್ ಮುಟ್ಟಬಾರದು. ಇಷ್ಟು ಸಾಲದು ಅನ್ನುವಂತೆ, ಸಣ್ಣ ಜೋರು ಓಟಗಳಲ್ಲಿ ಶುಗರ್ ಇಳಿಯುವ ಬದಲು ಏರುತ್ತದೆ. ಅಡ್ರಿನಲಿನ್ ಯಕೃತ್ತನ್ನು ತಟ್ಟಿ ಎಬ್ಬಿಸಿ ಸಕ್ಕರೆ ಬಿಡಿಸುತ್ತದೆ. ಜಾತ್ರೆಯ ಶರ್ಯತ್ತಿನಲ್ಲಿ ಐದು ಕಿಲೋಮೀಟರ್ ಜೀವ ಕೈಯಲ್ಲಿ ಹಿಡಿದು ಹೊಡೆದರೆ ನನ್ನ ಶುಗರ್ 220. ಅದೇ ದಾರಿಯಲ್ಲಿ ಮೂರು ಗಂಟೆ ನಿಧಾನಕ್ಕೆ ಹೋದರೆ 80. ಇದನ್ನು ಮನೆಯವರಿಗೆ ತಿಳಿಸಿ ಹೇಳಲು ನನಗೆ ವರ್ಷಗಳೇ ಬೇಕಾದವು.

ತಿನ್ನುವುದರ ವಿಷಯಕ್ಕೆ ಬಂದರೆ ನಮ್ಮ ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳು ಪುಣ್ಯ ಮಾಡಿವೆ. ದೂರದ ದಾರಿಯಲ್ಲಿ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಬೇಕು. ಪೇಟೆಯಲ್ಲಿ ಸಿಗುವ ಎನರ್ಜಿ ಜೆಲ್ ತುಟ್ಟಿ. ವಿಜಯಪುರದ ಒಣದ್ರಾಕ್ಷಿ ಎರಡು ದೊಡ್ಡ ಚಮಚದಷ್ಟು, ಅಂದರೆ ಒಂದು ಸಣ್ಣ ಹಿಡಿ ತಿಂದರೆ 15 ಗ್ರಾಂ ಆಯಿತು. ಅರ್ಧ ಗಂಟೆಗೊಮ್ಮೆ ಒಂದು ಹಿಡಿ, ಹಸಿವಾಗುವ ಮುಂಚೆಯೇ. ಆದರೆ ಹೈಪೊ ಆದಾಗ ದ್ರಾಕ್ಷಿಗಿಂತ ಗ್ಲೂಕೋಸ್ ಪುಡಿಯೇ ಮೇಲು. ದ್ರಾಕ್ಷಿಯ ಸಕ್ಕರೆಯಲ್ಲಿ ಅರ್ಧ ಫ್ರಕ್ಟೋಸ್, ಅದು ಮೊದಲು ಯಕೃತ್ತಿಗೆ ಹೋಗಿ ಬದಲಾಗಿ ಬರಬೇಕು. ಅಮೀನಗಡದ ಕರದಂಟು, ಗೋಕಾಕದ ಕರದಂಟು ಎರಡೂ ಉದ್ದನೆ ದಾರಿಗೆ ಹೇಳಿ ಮಾಡಿಸಿದಂತಿವೆ. ಬೆಲ್ಲ, ಅಂಟು, ಕೊಬ್ಬರಿ, ಒಣಹಣ್ಣು ಸೇರಿ ನಿಧಾನಕ್ಕೆ ಕರಗುತ್ತದೆ. ಅದೇ ಕಾರಣಕ್ಕೆ ಶುಗರ್ ಬಿದ್ದಾಗ ಅದು ಕೆಲಸಕ್ಕೆ ಬರುವುದಿಲ್ಲ. ಶೇಂಗಾ ಉಂಡಿಯೂ ಅಷ್ಟೇ. ಕೊಬ್ಬಿನ ಅಂಶ ಸಕ್ಕರೆಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಎಡ ಕಿಸೆ, ಬಲ ಕಿಸೆ ಬೇರೆ ಮಾಡಿದ್ದು ಇದಕ್ಕೆ.

ಬಿಸಿಲಿನದು ಇನ್ನೊಂದು ಪಾಡು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ 40 ಡಿಗ್ರಿ ದಾಟುತ್ತದೆ. ಒಡೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿ ಇರಬೇಕು. ಬಳಕೆಯಲ್ಲಿರುವುದನ್ನು ಸುಮಾರು ಒಂದು ತಿಂಗಳು ತಂಪು ಜಾಗದಲ್ಲಿ ಹೊರಗಿಡಬಹುದು, 40ರಲ್ಲಿ ಖಂಡಿತ ಆಗದು. ಕರೆಂಟ್ ನಂಬಲಾಗದ ಮನೆಯಲ್ಲಿ ಮಣ್ಣಿನ ಗಡಿಗೆಯೊಳಗೆ ಇನ್ನೊಂದು ಸಣ್ಣ ಗಡಿಗೆ ಇಟ್ಟು, ನಡುವೆ ಒದ್ದೆ ಮರಳು ತುಂಬಿ ಇಡುವುದುಂಟು. ನೀರು ಆವಿಯಾಗುತ್ತಾ ಒಳಗೆ ತಂಪು ಉಳಿಯುತ್ತದೆ. ದಾರಿಯಲ್ಲಿ ನಾನು ಪೆನ್ನಿಗೆ ಒದ್ದೆ ಬಟ್ಟೆ ಸುತ್ತಿರುತ್ತೇನೆ. ಬೆಳಗಿನ ಹತ್ತು ಗಂಟೆಯೊಳಗೆ ಮನೆ ಸೇರುತ್ತೇನೆ.

ಇಷ್ಟೆಲ್ಲ ಯಾಕೆ ಬೇಕು ಅಂತ ಅವ್ವ ಮೊದಮೊದಲು ಕೇಳುತ್ತಿದ್ದಳು. ನನಗೆ ಉತ್ತರ ಸಿಕ್ಕಿದ್ದು ಬೇರೆಯವರ ಬದುಕಿನಿಂದ. ಬ್ರಿಟನ್ನಿನ ಸ್ಟೀವ್ ರೆಡ್‌ಗ್ರೇವ್ ದೋಣಿ ಹುಟ್ಟು ಹಾಕುವ ಸ್ಪರ್ಧೆಯಲ್ಲಿ ನಾಲ್ಕು ಒಲಿಂಪಿಕ್ಸ್ ಚಿನ್ನ ಗೆದ್ದ ಮೇಲೆ, 1997ರಲ್ಲಿ ಅವರಿಗೆ ಮಧುಮೇಹ ಇರುವುದು ಗೊತ್ತಾಯಿತು. ಕರುಳಿನ ಹುಣ್ಣಿನ ದೀರ್ಘ ಕಾಯಿಲೆಯೂ ಇತ್ತು. ಇನ್ಸುಲಿನ್ ತೆಗೆದುಕೊಳ್ಳುತ್ತಲೇ 2000ದ ಸಿಡ್ನಿಯಲ್ಲಿ ಐದನೇ ಚಿನ್ನ ಗೆದ್ದರು. ಅಮೆರಿಕದಲ್ಲಿ ಟೈಪ್ 1 ಇರುವ ಇಬ್ಬರು ಗೆಳೆಯರಾದ ಫಿಲ್ ಸದರ್‌ಲ್ಯಾಂಡ್, ಜೋ ಎಲ್ಡ್ರಿಜ್ ಕಟ್ಟಿದ ಟೀಮ್ ಟೈಪ್ 1, ಅಮೆರಿಕದ ಈ ಕರಾವಳಿಯಿಂದ ಆ ಕರಾವಳಿಗೆ ಸುಮಾರು 4,800 ಕಿಲೋಮೀಟರ್ ಸೈಕಲ್ ಹೊಡೆಯುವ ರೇಸ್ ಅಕ್ರಾಸ್ ಅಮೆರಿಕದಲ್ಲಿ 2007ರಲ್ಲಿ ತಂಡಗಳ ವಿಭಾಗ ಗೆದ್ದಿತು. ಮುಂದೆ ಅದೇ ಟೀಮ್ ನೊವೊ ನಾರ್ಡಿಸ್ಕ್ ಆಯಿತು. ಅದರ ಸೈಕ್ಲಿಸ್ಟ್‌ಗಳೆಲ್ಲ ಟೈಪ್ 1 ಇರುವವರೇ. ಸುಮಾರು 300 ಕಿಲೋಮೀಟರಿನ ಮಿಲಾನ್–ಸಾನ್ ರೆಮೊ ಸ್ಪರ್ಧೆಯಲ್ಲೂ ಆ ತಂಡ ಓಡಿದೆ. ಇನ್ಸುಲಿನ್ ಕಂಡುಹಿಡಿದದ್ದು 1921ರಲ್ಲಿ. 1922ರ ಜನವರಿಯಲ್ಲಿ ಟೊರಾಂಟೊದ ಆಸ್ಪತ್ರೆಯಲ್ಲಿ 14 ವರ್ಷದ ಲಿಯೊನಾರ್ಡ್ ಥಾಂಪ್ಸನ್‌ಗೆ ಮೊದಲ ಸಲ ಕೊಟ್ಟರು. ಅದಕ್ಕೂ ಮುಂಚೆ ಟೈಪ್ 1 ಬಂದ ಮಕ್ಕಳನ್ನು ಉಪವಾಸ ಕೆಡವಿ ಕೆಲವು ತಿಂಗಳು ಉಳಿಸಿಕೊಳ್ಳುವುದೇ ಚಿಕಿತ್ಸೆಯಾಗಿತ್ತು. ಈ ನೂರು ವರ್ಷದ ದೂರ ನೆನೆದರೆ ನನಗೆ ಪ್ರತಿ ಸಲ ಗಂಟಲು ಕಟ್ಟುತ್ತದೆ.

ಅವರೆಲ್ಲ ಕಾಯಿಲೆಯನ್ನು ಸೋಲಿಸಿದರು ಅಂತ ಬರೆಯುತ್ತಾರೆ. ನಾನು ಹಾಗೆ ಓದುವುದಿಲ್ಲ. ಅವರ ಶುಗರ್ ಎಲ್ಲೂ ಹೋಗಿಲ್ಲ. ಅವರು ದಿನಕ್ಕೆ ಹತ್ತಾರು ಸಲ ಅಂಕಿ ನೋಡಿ, ಸ್ವಲ್ಪ ತಿಂದು, ಸ್ವಲ್ಪ ಇಳಿಸಿ, ಮುಂದೆ ಹೋದರು. ದೂರದ ಓಟವೂ ಹೀಗೇ ನಡೆಯುವುದು. ಆಯಾಸವಾಗುವ ಮುಂಚೆ ನಿಧಾನಿಸಬೇಕು, ಬಾಯಾರುವ ಮುಂಚೆ ಕುಡಿಯಬೇಕು. ಮನೆಯಲ್ಲಿ ಕೂತಾಗ ಮೀಟರ್ ನೋಡುವುದು ನನಗೆ ಶಿಕ್ಷೆಯಾಗಿತ್ತು. ಸೈಕಲ್ ಹತ್ತಿದ ಮೇಲೆ ಅದು ಗಾಳಿಯ ದಿಕ್ಕು ನೋಡಿದ ಹಾಗೆ ದಾರಿಯ ಒಂದು ಕೆಲಸವಾಯಿತು. ನನಗೆ ಸ್ಫೂರ್ತಿ ಅಂದರೆ ಇದು.

ನಮ್ಮ ಕಡೆಯವರಿಗೆ ದೂರದ ದಾರಿ ಹೊಸತೂ ಅಲ್ಲ. ಯುಗಾದಿ ಮುಂಚೆ ಬೆಳಗಾವಿ, ಬಾಗಲಕೋಟೆ, ವಿಜಯಪುರದಿಂದ ಸಾವಿರಾರು ಜನ ಮಲ್ಲಯ್ಯನ ಕಂಬಿ ಹೊತ್ತು ಶ್ರೀಶೈಲಕ್ಕೆ ನಡೆದು ಹೋಗುತ್ತಾರೆ. ಅವರಲ್ಲಿ ಟೈಪ್ 2 ಶುಗರ್ ಇರುವ ಹಿರಿಯರು ಎಷ್ಟೋ ಮಂದಿ. ಅವರಿಗೆ ನಾನು ಕೈಮುಗಿದು ಹೇಳುವುದು ಕಾಲಿನ ಬಗ್ಗೆ. ಹಳೆ ಶುಗರ್ ಪಾದದ ನರಗಳನ್ನು ಮಂದ ಮಾಡುತ್ತದೆ. ಹರಳು ಚುಚ್ಚಿದರೂ, ಬಿಸಿ ಡಾಂಬರು ಸುಟ್ಟರೂ ಗೊತ್ತಾಗುವುದಿಲ್ಲ. ಗುಳ್ಳೆ ಒಡೆದು ಹುಣ್ಣಾಗಿ, ಬೆರಳು ಕತ್ತರಿಸುವವರೆಗೆ ಹೋಗುತ್ತದೆ. ಬರಿಗಾಲಲ್ಲಿ ನಡೆಯಬೇಡಿ, ಮಲ್ಲಯ್ಯ ಬೇಸರ ಮಾಡಿಕೊಳ್ಳುವುದಿಲ್ಲ. ಬೂಟು ಹಾಕುವ ಮುಂಚೆ ಒಳಗೆ ಕೈ ಆಡಿಸಿ. ರಾತ್ರಿ ಕನ್ನಡಿ ಹಿಡಿದು ಅಂಗಾಲು ನೋಡಿ. ಮೆಟ್ಫಾರ್ಮಿನ್ ಒಂದೇ ತೆಗೆದುಕೊಳ್ಳುವವರಿಗೆ ಹೈಪೊ ಆಗುವುದು ಅಪರೂಪ. ಗ್ಲಿಮೆಪಿರೈಡ್ ಥರದ ಗುಳಿಗೆ ಇದ್ದರೆ ನಡೆಯುವ ದಿನ ಆಗಬಹುದು. ಹೊರಡುವ ಮುಂಚೆ ಡಾಕ್ಟರನ್ನು ಕೇಳಿ ಗುಳಿಗೆಯ ಲೆಕ್ಕ ಸರಿಮಾಡಿಕೊಳ್ಳಿ.

ಎಲ್ಲ ಕಾಯಿಲೆಗೂ ಈ ಮಾತು ಹೊಂದುವುದಿಲ್ಲ, ಇದನ್ನು ಒತ್ತಿ ಹೇಳಬೇಕು. ಆಸ್ತಮಾ ಇರುವವರು ಮೈ ನಿಧಾನಕ್ಕೆ ಬಿಸಿ ಮಾಡಿಕೊಂಡು, ಇನ್ಹೇಲರ್ ಹತ್ತಿರ ಇಟ್ಟುಕೊಂಡು ಓಡಬಹುದು. ಆದರೆ ಎಂ.ಇ. ಅಥವಾ ಕ್ರಾನಿಕ್ ಫಟೀಗ್ ಸಿಂಡ್ರೋಮ್ ಅನ್ನುವ ಕಾಯಿಲೆಯಲ್ಲಿ ಶಕ್ತಿ ಮೀರಿ ಸ್ವಲ್ಪ ದಣಿದರೂ ಒಂದೆರಡು ದಿನದ ಮೇಲೆ ಮೈ ಕುಸಿಯುತ್ತದೆ, ವಾರಗಟ್ಟಲೆ ಏಳಲು ಆಗುವುದಿಲ್ಲ. ದಿನದಿನಕ್ಕೆ ವ್ಯಾಯಾಮ ಏರಿಸುತ್ತಾ ಹೋಗಿ ಅನ್ನುವ ಹಳೆಯ ಸಲಹೆಯನ್ನು ಚಿಕಿತ್ಸೆಯ ಮಾರ್ಗಸೂಚಿ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2021ರಲ್ಲಿ ಕೈಬಿಟ್ಟಿತು. ಅಂಥವರಿಗೆ ‘ಅವರನ್ನು ನೋಡು, ಶುಗರ್ ಇಟ್ಕೊಂಡು ನೂರು ಕಿಲೋಮೀಟರ್ ಹೋಗ್ತಾರೆ’ ಅಂತ ನನ್ನ ಹೆಸರು ಹೇಳಿ ಚುಚ್ಚಬೇಡಿ. ನನಗೆ ನೋವಾಗುತ್ತದೆ.

ಹೋದ ಚಳಿಗಾಲದಲ್ಲಿ 200 ಕಿಲೋಮೀಟರಿನ ಬ್ರೆವೆ ಮುಗಿಸಿದೆ. ಬ್ರೆವೆಯಲ್ಲಿ ಮೊದಲು ಬಂದವರು, ಕೊನೆಗೆ ಬಂದವರು ಅಂತ ಇಲ್ಲ. ಹದಿಮೂರೂವರೆ ಗಂಟೆಯೊಳಗೆ ಮುಗಿಸಬೇಕು ಅಷ್ಟೇ. ಅದಕ್ಕೂ ಹಿಂದಿನ ವರ್ಷ 120ನೇ ಕಿಲೋಮೀಟರಿಗೆ ಎರಡನೇ ಸಲ ಹೈಪೊ ಆಗಿ ಟೆಂಪೊ ಹತ್ತಿ ವಾಪಸ್ ಬಂದಿದ್ದೆ. ಈ ಸಲ ಹನ್ನೆರಡು ಗಂಟೆ ಐವತ್ತು ನಿಮಿಷಕ್ಕೆ ಮುಗಿಯಿತು. ಆದರೆ ಶುಗರ್ ಇದ್ದವರಿಗೆ ದಾರಿ ಅಲ್ಲಿಗೆ ಮುಗಿಯುವುದಿಲ್ಲ. ಖಾಲಿಯಾದ ಹಗೇವನ್ನು ಸ್ನಾಯು ರಾತ್ರಿಯಿಡೀ ತುಂಬಿಕೊಳ್ಳುತ್ತದೆ. ತುಂಬಿಕೊಳ್ಳುವುದು ರಕ್ತದಿಂದಲೇ. 24 ಗಂಟೆಯವರೆಗೆ, ಕೆಲವೊಮ್ಮೆ ಅದಕ್ಕೂ ಜಾಸ್ತಿ, ಅದೇ ಇನ್ಸುಲಿನ್ ಹೆಚ್ಚು ಕೆಲಸ ಮಾಡುತ್ತದೆ. ಅದಕ್ಕೆ ಆ ರಾತ್ರಿಯ ಇನ್ಸುಲಿನ್ ಇಳಿಸಿ, ತೋಳಿಗೆ ಶುಗರ್ ನೋಡುವ ಸೆನ್ಸರ್ ಹಾಕಿಕೊಂಡು ಮಲಗುತ್ತೇನೆ. ಸೆನ್ಸರ್ ರಕ್ತಕ್ಕಿಂತ ಕೆಲವು ನಿಮಿಷ ಹಿಂದೆ ಇರುತ್ತದೆ, ಆದರೂ ಮಲಗಿದವರನ್ನು ಎಬ್ಬಿಸುತ್ತದೆ.

ಎರಡು ಮುಕ್ಕಾಲಿಗೆ ಅದು ಕೂಗಿತು. ಕಣ್ಣು ಬಿಡುವುದರೊಳಗೆ ಅವ್ವ ಸ್ಟೀಲ್ ಡಬ್ಬಿ, ನೀರಿನ ತಂಬಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಅವಳು ಮಲಗಿರಲೇ ಇಲ್ಲ ಅನ್ನಿಸುತ್ತದೆ.

‘ಎಷ್ಟೈತಿ?’

‘ಅರವತ್ತಾರು.’

ಮೂರು ಚಮಚ ಅಳೆದು ಕಲಸಿ ಕೊಟ್ಟಳು. ಗಡಿಯಾರ ನೋಡಿದಳು. ಮಂಚದ ತುದಿಗೆ ಕೂತು ನನ್ನ ಕಾಲು ಒತ್ತುತ್ತಾ 15 ನಿಮಿಷ ಕಾದಳು. ಬೆರಳು ಚುಚ್ಚಿ ನೋಡಿದೆ, 92.

‘ಅರ್ಧ ರೊಟ್ಟಿ ತಿಂದು ಮಲ್ಕೋ,’ ಅಂದು ಅಡುಗೆಮನೆಗೆ ಹೋದಳು.